ನೆಲ ಮುಟ್ಟದ ಕಂಬ

ಈಚಿನ ವರ್ಷಗಳಲ್ಲಿ ನಮ್ಮ ನಗರಗಳಲ್ಲಿ ಹೋಟೆಲು ತೆರೆಯಹೊರಡುವವರ ಬಾಯಲ್ಲಿ ಒಂದು ಮಾತು ಮೇಲಿಂದ ಮೇಲೆ ಕೇಳಿಬರುತ್ತದೆ. ಅದು ‘ಥೀಮ್’ ಎಂಬ ಮಾತು. ತಿಂಡಿ ತೀರ್ಥ ರುಚಿಯಾಗಿದ್ದರೆ ಸಾಲದು, ಹೋಟೆಲಿಗೊಂದು ಥೀಮ್ ಇರಬೇಕು. ಬಂದವರು ಬಾಗಿಲು ದಾಟಿದೊಡನೆ ತಾವು ಬೇರೊಂದು ಊರಿಗೆ, ಬೇರೊಂದು ಕಾಲಕ್ಕೆ ಬಂದೆವೆಂದು ಭಾವಿಸಬೇಕು ಎಂಬುದು ಅದರ ತಾತ್ಪರ್ಯ. ಒಂದು ಕಡೆ ರೈಲಿನ ಡಬ್ಬಿ, ಇನ್ನೊಂದು ಕಡೆ ಸೆರೆಮನೆ, ಮತ್ತೊಂದು ಕಡೆ ಹಳ್ಳಿ. ಈ ಮಾತಿಗೆ ಕನ್ನಡದಲ್ಲಿ ಏನನ್ನಬೇಕೆಂದು ಮಿತ್ರರೊಬ್ಬರು ನನ್ನನ್ನು ಕೇಳಿದರು. ನಮ್ಮ ಕಾವ್ಯಮೀಮಾಂಸೆಯ ಕಡೆಯಿಂದ ಬಂದವರು ‘ವಸ್ತು’ ಎಂದಾರು. ರಂಗಭೂಮಿಯ ಕಡೆಯಿಂದ ಬಂದವರು ‘ವೇಷ’ ಎಂದಾರು. ಈ ಎರಡು ಮಾತುಗಳಿಗೆ ಇರುವ ಅಂತರವೇ ಇಂದು ನಾನು ನಿಮ್ಮ ಮುಂದೆ ಇಡಬೇಕೆಂದಿರುವ ವಿಷಯ.

ಈ ವಿಚಾರ ನನಗೆ ಹತ್ತಿರವಾದದ್ದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ. ಅವನದು ತೀರ್ಥಹಳ್ಳಿಯ ಸೀಮೆ. ಬಿ.ಎ. ತರಗತಿಯಲ್ಲಿ ಐಚ್ಛಿಕ ಕನ್ನಡ ಓದಿದವನು. ಆಮೇಲೆ ಬೆಂಗಳೂರು ಸೇರಿ ವ್ಯಾಪಾರದಲ್ಲಿ ನಾಲ್ಕು ಕಾಸು ಕಂಡವನು. ಅವನ ಅಜ್ಜ ಕಟ್ಟಿಸಿದ ತೊಟ್ಟಿಯ ಮನೆ ಅಣ್ಣತಮ್ಮಂದಿರ ಪಾಲಿಗೆ ಸಿಕ್ಕಿ, ಯಾರೂ ವಾಸಿಸದೆ, ಮಾಡು ಸೋರಿ, ಮೂರು ವರ್ಷದ ಹಿಂದೆ ಬಿಚ್ಚಬೇಕಾಗಿ ಬಂತು. ಉಳಿದವರು ಮರವನ್ನು ಮಾರಿ ಹಣ ಹಂಚಿಕೊಳ್ಳೋಣವೆಂದರೆ ಇವನೊಬ್ಬ ಹಣ ಬೇಡ, ಮರವೇ ಇರಲಿ ಎಂದ. ಎಂಟು ಹಲಸಿನ ಕಂಬ, ಅವುಗಳ ಬೋದಿಗೆ, ಅಡಿಗಲ್ಲು, ಹೆಬ್ಬಾಗಿಲು ಎಲ್ಲವೂ ಲಾರಿಯಲ್ಲಿ ಬೆಂಗಳೂರಿಗೆ ಬಂದವು. ಅವುಗಳನ್ನು ನಿಲ್ಲಿಸಿ ಮಲೆನಾಡಿನ ಊಟದ ಹೋಟೆಲೊಂದನ್ನು ತೆರೆಯಬೇಕೆಂಬುದು ಅವನ ಸಂಕಲ್ಪ. ಇದಕ್ಕಾಗಿ ತನ್ನ ಪಾಲಿಗೆ ಬಂದ ಅಡಿಕೆ ತೋಟವನ್ನೂ ಮಾರಿದ್ದಾನೆ. ಆದ್ದರಿಂದ ಉಳ್ಳವರ ಹುಚ್ಚಾಟವೆಂದು ತಳ್ಳಿಹಾಕುವ ಸಂಗತಿ ಇದಲ್ಲ.

“ಸಾರ್, ಗೋಡೆಯ ಮೇಲೆ ಬರೆಸುವುದಕ್ಕೆ ನಾಲ್ಕು ಒಳ್ಳೆಯ ಮಾತು ಬರೆದುಕೊಡಬೇಕು. ಕೆಳಗೆ ನಿಮ್ಮ ಹೆಸರೂ ಇರುತ್ತೆ” ಎಂದು ಕೇಳಿದ. ಮೊದಲು ಜಾಗ ನೋಡುತ್ತೇನಪ್ಪ ಎಂದೆ. ಬಾಗಿಲು ತೆರೆಯಲು ಇನ್ನೂ ಒಂದೂವರೆ ತಿಂಗಳಿರುವಾಗ, ಬಡಗಿಗಳೂ ಬಣ್ಣದವರೂ ಕೆಲಸ ಮಾಡುತ್ತಿರುವಾಗಲೇ, ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದ. ಅಲ್ಲಿ ನಾನು ಕಂಡದ್ದನ್ನು ಹೇಳುವ ಮುನ್ನ ತೊಟ್ಟಿಯ ಮನೆ ಎಂದರೇನು, ಅದು ಏಕೆ ಹಾಗಿರುತ್ತದೆ ಎಂಬುದನ್ನು ಸ್ವಲ್ಪ ವಿವರಿಸಬೇಕು. ಕೇಳುವವರಲ್ಲಿ ಅನೇಕರು ಅಂಥ ಮನೆಯಲ್ಲಿ ಬೆಳೆದವರೇ ಇರಬಹುದು. ಅಂಥವರು ದಯಮಾಡಿ ಸಹಿಸಿಕೊಳ್ಳಬೇಕು.

ನಾಲ್ಕು ಕಡೆ ಪಡಸಾಲೆ, ನಡುವೆ ಆಕಾಶಕ್ಕೆ ತೆರೆದ ಒಂದು ತಗ್ಗು. ಆ ತಗ್ಗೇ ತೊಟ್ಟಿ. ನಾಲ್ಕು ಕಡೆಯ ಮಾಡೂ ಒಳಮುಖವಾಗಿ ಇಳಿದು ತೊಟ್ಟಿಯ ಅಂಚಿಗೆ ಬಂದು ನಿಲ್ಲುತ್ತದೆ. ಮಳೆ ಬಂದಾಗ ನಾಲ್ಕು ಕಡೆಯಿಂದಲೂ ನೀರು ತೊಟ್ಟಿಗೆ ಸುರಿದು, ಚಪ್ಪಡಿ ಹಾಸಿದ ತಳದ ಮೂಲೆಯಲ್ಲಿ ಬಿಟ್ಟ ಕಿಂಡಿಯಿಂದ ನೆಲದಡಿಯ ಕಾಲುವೆಗೆ ಇಳಿದು ಹಿತ್ತಿಲಿಗೆ ಹೋಗುತ್ತದೆ. ಆಗುಂಬೆಯಂಥ ಕಡೆ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ; ಬೆಂಗಳೂರಿನಲ್ಲಿ ಸಾವಿರ ಮಿಲಿಮೀಟರಿನ ಒಳಗೆ. ಅಷ್ಟು ಮಳೆಯ ನಾಡಿನಲ್ಲಿ ಮನೆಯ ಹೊರಗೋಡೆಗೆ ದೊಡ್ಡ ಕಿಟಕಿ ಇಡುವಂತಿಲ್ಲ. ಇಟ್ಟರೆ ಎರಚಲು ಹೊಡೆಯುತ್ತದೆ. ಹಾಗಾದರೆ ಬೆಳಕು ಎಲ್ಲಿಂದ ಬರಬೇಕು? ನಡುವಿನಿಂದ. ಅಡಿಗೆಮನೆಯ ಹೊಗೆ, ಮಂದಿಯ ಉಸಿರಿನ ಬಿಸಿ ಎಲ್ಲಿಂದ ಹೋಗಬೇಕು? ಅದೂ ನಡುವಿನಿಂದಲೇ. ಬಿಸಿಗಾಳಿ ತೊಟ್ಟಿಯಿಂದ ಮೇಲೇರಿದಂತೆಲ್ಲ ಹೆಬ್ಬಾಗಿಲಿನಿಂದ ತಂಪುಗಾಳಿ ಒಳಗೆ ಬರುತ್ತದೆ. ಸಂಡಿಗೆ ಒಣಗುವುದು ಅಲ್ಲಿ, ಹೆಂಗಸರು ಅಕ್ಕಿ ಹಸನು ಮಾಡುವುದು ಅದರ ಅಂಚಿನಲ್ಲಿ, ಮದುವೆ ಮುಂಜಿಯ ಪಂಕ್ತಿ ಕೂರುವುದು ಅದರ ಸುತ್ತ. ಒಟ್ಟಿನಲ್ಲಿ ತೊಟ್ಟಿ ಎಂಬುದು ಚೆಲುವಿಗಾಗಿ ಬಿಟ್ಟ ಜಾಗವಲ್ಲ. ಮಳೆ, ಬೆಳಕು, ಗಾಳಿ, ಮನೆವಾರ್ತೆ ಈ ನಾಲ್ಕರ ಲೆಕ್ಕ ಹಾಕಿ ಬಿಟ್ಟದ್ದು. ಚೆಲುವು ಆಮೇಲೆ ತಾನಾಗಿ ಬಂದು ಸೇರಿಕೊಂಡಿತು.

ಇನ್ನು ಕಂಬ. ಮಾಡಿನ ಒಳ ಅಂಚಿನ ಭಾರವೆಲ್ಲ ತೊಟ್ಟಿಯ ಸುತ್ತಣ ಕಂಬಗಳ ಮೇಲೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಯಂತ್ರದ ಹಂಚು ಘಟ್ಟ ಹತ್ತಿ ಬಂತು. ಅದಕ್ಕೆ ಮುಂಚೆ ಕೈಯಲ್ಲಿ ಮಾಡಿದ ನಾಡಹಂಚು, ಇಲ್ಲವೆ ಹುಲ್ಲು. ಮಂಗಳೂರು ಹಂಚು ಒಂದೊಂದೂ ಎರಡು ಕಿಲೋಗೆ ಮಿಗಿಲು. ಸಾವಿರಾರು ಹಂಚು, ರೀಪು, ಜಂತೆ, ತೊಲೆ ಇಷ್ಟನ್ನೂ ಬೋದಿಗೆಯ ಮೂಲಕ ಕಂಬ ಹೊರುತ್ತದೆ. ಕಂಬ ನೇರವಾಗಿ ನೆಲದ ಮೇಲೆ ನಿಲ್ಲುವುದಿಲ್ಲ. ಒಂದು ಗೇಣೆತ್ತರದ ಅಡಿಗಲ್ಲಿನ ಮೇಲೆ ನಿಲ್ಲುತ್ತದೆ. ನೆಲದ ತೇವ ಮರಕ್ಕೆ ಏರಬಾರದು, ಗೆದ್ದಲು ಹತ್ತಬಾರದು, ಗುಡಿಸಿ ಸಾರಿಸುವಾಗ ಬುಡ ನೆನೆಯಬಾರದು ಎಂಬುದೇ ಕಾರಣ. ಹಳೆಯ ಮನೆಗಳ ಕಂಬಗಳನ್ನು ಗಮನಿಸಿ ನೋಡಿದವರಿಗೆ ಇನ್ನೊಂದು ಸಂಗತಿ ಗೊತ್ತು. ನೆಲದಿಂದ ಮೊಳದೆತ್ತರದಲ್ಲಿ ಅವು ಕನ್ನಡಿಯಂತೆ ನುಣುಪಾಗಿರುತ್ತವೆ. ಅದು ಬಡಗಿ ಕೊಟ್ಟ ನುಣುಪಲ್ಲ. ಕೂತವರು ಬೆನ್ನು ಒರಗಿ, ಅಡಿಕೆ ಸುಲಿಯುತ್ತ, ಎಲೆ ಮಡಿಸುತ್ತ, ಕಥೆ ಹೇಳುತ್ತ ಮೂರು ತಲೆಮಾರು ಕಳೆದ ಗುರುತು.

ಈಗ ಹೋಟೆಲಿಗೆ ಬರೋಣ.

ಹೆಬ್ಬಾಗಿಲು ಸೊಗಸಾಗಿಯೇ ಇತ್ತು. ಒಳಗೆ ಕಾಲಿಟ್ಟರೆ ನಡುವೆ ತೊಟ್ಟಿ, ಸುತ್ತ ಎಂಟು ಕಂಬ. ಒಂದು ಕ್ಷಣ ನನಗೂ ಮೈ ಜುಮ್ಮೆಂದದ್ದು ನಿಜ. ಹತ್ತಿರ ಹೋಗಿ ನೋಡಿದಾಗ ಕಂಬದ ಬುಡಕ್ಕೂ ನೆಲಕ್ಕೂ ನಡುವೆ ಬೆರಳು ತೂರುವಷ್ಟು ಸಂದು ಕಂಡಿತು. ಒಂದಕ್ಕಲ್ಲ, ಎಂಟಕ್ಕೂ! ಕೇಳಿದರೆ, ಮೇಲಿನ ಉಕ್ಕಿನ ತೊಲೆಯೇ ಭಾರ ಹೊರುತ್ತಿದೆ, ಕಂಬಗಳು ಅದಕ್ಕೆ ತೂಗುಬಿದ್ದಿವೆ. ನೆಲ ತೊಳೆಯುವಾಗ ಮರ ನೆನೆಯಬಾರದಲ್ಲ, ಅದಕ್ಕೆ ಈ ಸಂದು ಎಂದು ವಿನ್ಯಾಸಕಾರನ ಸಮಾಧಾನ. ಲೇಪಾಕ್ಷಿಯಲ್ಲೂ ತೂಗುಕಂಬ ಇದೆಯಲ್ಲ ಸಾರ್ ಎಂದೂ ಆ ತರುಣ ಸೇರಿಸಿದ. ಇದೆ, ನಿಜ, ಆದರೆ ಅಲ್ಲಿ ಒಂದು ಕಂಬ ತೂಗುವುದನ್ನು ಜನ ಬೆರಗಾಗಿ ನೋಡುವುದು ಉಳಿದ ಕಂಬಗಳೆಲ್ಲ ನೆಲದ ಮೇಲೆ ನಿಂತಿರುವುದರಿಂದ. ಅಡಿಗಲ್ಲುಗಳು ಎಲ್ಲಿ ಎಂದು ವಿಚಾರಿಸಿದೆ. ಅವು ಹೊರಬಾಗಿಲಿನ ಎರಡು ಪಕ್ಕದಲ್ಲಿ ಕ್ರೋಟನ್ ಗಿಡದ ಕುಂಡಗಳಿಗೆ ಪೀಠವಾಗಿ ಕುಳಿತಿದ್ದವು. ಮರ ನೆನೆಯದಿರಲು ಏನು ಮಾಡಬೇಕೆಂಬ ಪ್ರಶ್ನೆಗೆ ಅಜ್ಜ ಕೊಟ್ಟ ಉತ್ತರ ಬಾಗಿಲ ಹೊರಗೆ ಬಿದ್ದಿತ್ತು. ಮೊಮ್ಮಗ ಹಣ ತೆತ್ತು ಬೇರೊಂದು ಉತ್ತರ ತರಿಸಿದ್ದ.

ಇಷ್ಟೇ ಅಲ್ಲ. ಕಂಬಗಳ ಎತ್ತರ ಒಂಬತ್ತು ಅಡಿ. ಹವಾನಿಯಂತ್ರಣದ ಕೊಳವೆಗಳನ್ನು ಮರೆಮಾಡುವ ಸುಳ್ಳು ಛಾವಣಿ ಕೆಳಗಿಳಿದದ್ದರಿಂದ ಉಳಿದ ಎತ್ತರ ಏಳೂವರೆ. ಬೋದಿಗೆಯ ಕೆತ್ತನೆ ಹಾಳಾಗಬಾರದೆಂದು ಬುಡದ ಕಡೆಯಿಂದ ಒಂದೂವರೆ ಅಡಿ ಕತ್ತರಿಸಿದ್ದಾರೆ. ಬೆನ್ನು ಒರಗಿ ನುಣುಪಾಗಿದ್ದ ಭಾಗವೇ ಗರಗಸಕ್ಕೆ ಹೋಗಿದೆ. ಕತ್ತರಿಸಿದ ತುಂಡುಗಳು ಏನಾದವೆಂದು ನಾನು ಕೇಳಲಿಲ್ಲ. ಮೂಲೆಯಲ್ಲಿ ಬಣ್ಣದ ಡಬ್ಬಿಗಳ ಕೆಳಗೆ ಎರಡನ್ನು ಕಂಡೆ.

ತೊಟ್ಟಿಯ ಮೇಲೆ ಗಾಜಿನ ಮುಚ್ಚಳ. ಧೂಳು, ಪಾರಿವಾಳ, ಹೊಗೆ ಇವುಗಳಿಗಾಗಿ ಮುಚ್ಚಬೇಕಾಯಿತೆಂದರೆ ಒಪ್ಪಬಹುದು. ಆದರೆ ಗಾಜಿನ ಕೆಳಗೆ ನೀಲಿ ಬಣ್ಣದ ಬಟ್ಟೆ ಕಟ್ಟಿ ಅದರ ಮೇಲೆ ಮೋಡ ಬರೆದಿದ್ದಾರೆ. ಮೂಲೆಗಳಲ್ಲಿ ನಾಲ್ಕು ಧ್ವನಿಪೆಟ್ಟಿಗೆ. ಅರ್ಧ ಗಂಟೆಗೊಮ್ಮೆ ಅವುಗಳಿಂದ ಮಳೆಯ ಸದ್ದು ಬರುವಂತೆ ವ್ಯವಸ್ಥೆ. ನಾನಿದ್ದಾಗ ಪರೀಕ್ಷೆಗೆಂದು ಹಾಕಿ ಕೇಳಿಸಿದರು. ಅದೇ ಹೊತ್ತಿಗೆ ಹೊರಗೆ ಬೆಂಗಳೂರಿನ ನಿಜವಾದ ಮಳೆ ಸಣ್ಣಗೆ ಹನಿಯುತ್ತಿತ್ತು; ಗಾಜು ಮತ್ತು ಬಟ್ಟೆಗಳ ಆಚೆ ಅದರ ಸದ್ದು ಯಾರಿಗೂ ಕೇಳುವಂತಿರಲಿಲ್ಲ.

ಗೋಡೆಗಳ ಅಲಂಕಾರದ ವಿಷಯವನ್ನು ಬೇಗ ಮುಗಿಸುತ್ತೇನೆ. ಕೊಳಗ, ಸೇರು, ಪಾವುಗಳನ್ನು ಬೋರಲು ಹಾಕಿ ಒಳಗೆ ವಿದ್ಯುದ್ದೀಪ ಇಟ್ಟಿದ್ದಾರೆ; ನಮ್ಮ ಮನೆಯಲ್ಲಿ ಸೇರನ್ನು ಬೋರಲು ಹಾಕಿದರೆ ಅಜ್ಜಿ ಗದರಿಸುತ್ತಿದ್ದರು, ಅದು ಬರಗಾಲದ ಚಿಹ್ನೆಯೆಂದು. ಬೀಸುಕಲ್ಲು ಗೋಡೆಯ ಮೇಲೆ ಗಡಿಯಾರವಾಗಿದೆ. ಕೈ ತೊಳೆಯುವ ಬೋಗುಣಿಯ ಮೇಲೆ ಯಕ್ಷಗಾನದ ಕಿರೀಟ. ಮೇಳದ ಚೌಕಿಯಲ್ಲಿ ಗಣಪತಿಗೆ ಪೂಜೆಯಾಗದೆ ಯಾರೂ ತಲೆಗೇರಿಸದ ಕಿರೀಟ ಅದು. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಕ್ಷೇಮೇಂದ್ರ ‘ಔಚಿತ್ಯವಿಚಾರಚರ್ಚಾ’ ಎಂಬ ಗ್ರಂಥ ಬರೆದು, ಒಡವೆ ಎಷ್ಟು ಬೆಲೆಯದಾದರೂ ಇರಬೇಕಾದ ಅಂಗದ ಮೇಲೆ ಇರದಿದ್ದರೆ ನಗೆಗೀಡಾಗುತ್ತದೆ ಎಂದು ವಾದಿಸಿದ. ಮೂವತ್ತು ವರ್ಷ ಈ ಪಾಠ ಹೇಳಿದ ನನಗೆ ಅಷ್ಟು ಒಳ್ಳೆಯ ಉದಾಹರಣೆ ಯಾವ ಕಾವ್ಯದಲ್ಲೂ ಸಿಕ್ಕಿರಲಿಲ್ಲ.

ಈ ಥೀಮ್ ಎಂಬುದು ನಿನ್ನೆ ಮೊನ್ನೆ ಹುಟ್ಟಿದ್ದೇನೂ ಅಲ್ಲ. ಪ್ಯಾರಿಸ್ಸಿನ ಮೊಂಮಾರ್ತ್ ಬಡಾವಣೆಯಲ್ಲಿ 1892ರಲ್ಲಿಯೇ ಸಾವನ್ನೇ ವಸ್ತುವಾಗಿ ಉಳ್ಳ ಒಂದು ಪಾನಶಾಲೆ ಇತ್ತು; ಅದರ ಹೆಸರಿನ ಅರ್ಥ ‘ಶೂನ್ಯ’ ಎಂದು. ಅಲ್ಲಿ ಮೇಜಿನ ಬದಲು ಶವಪೆಟ್ಟಿಗೆ, ತೂಗುದೀಪಕ್ಕೆ ಎಲುಬು. ಹಾಲಿವುಡ್ಡಿನಲ್ಲಿ 1930ರ ದಶಕದಲ್ಲಿ ಡಾನ್ ಬೀಚ್ ಎಂಬಾತ ‘ಡಾನ್ ದ ಬೀಚ್‌ಕೂಂಬರ್’ ಎಂಬ ಪಾನಶಾಲೆ ತೆರೆದು, ಬಿದಿರು, ಬಲೆ, ಚಿಪ್ಪುಗಳಿಂದ ದಕ್ಷಿಣ ಸಮುದ್ರದ ದ್ವೀಪವೊಂದನ್ನು ನಿರ್ಮಿಸಿದ. ತಗಡಿನ ಮಾಡಿನ ಮೇಲೆ ಕೊಳವೆಯಿಂದ ನೀರು ಬಿಡಿಸಿ ಮಳೆಯ ಸದ್ದು ಮಾಡಿಸುತ್ತಿದ್ದನೆಂದು ಹೇಳುತ್ತಾರೆ. ಹೊರಗೆ ಮಳೆಯೆಂದುಕೊಂಡ ಗಿರಾಕಿ ಇನ್ನೊಂದು ಲೋಟ ತರಿಸುತ್ತಿದ್ದನಂತೆ. ನಮ್ಮವನ ನಾಲ್ಕು ಧ್ವನಿಪೆಟ್ಟಿಗೆಗಳಿಗೆ ಹೀಗೆ ತೊಂಬತ್ತು ವರ್ಷದ ಪರಂಪರೆ ಇದೆ. ಆದರೆ ಆ ಮಹಾಶಯ ದ್ವೀಪದ ಮನೆಯನ್ನು ಮುರಿದು ತಂದವನಲ್ಲ. ತನ್ನದು ಪೂರ್ತಿ ಬಣ್ಣದ ವೇಷವೆಂದು ಅವನಿಗೂ ಗೊತ್ತು, ಕುಡಿಯಲು ಬಂದವರಿಗೂ ಗೊತ್ತು. ಆಟ ಆಟವಾಗಿಯೇ ಇತ್ತು.

ವೇಷವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಗುಬ್ಬಿ ವೀರಣ್ಣನವರ ಕಂಪೆನಿ ‘ಕುರುಕ್ಷೇತ್ರ’ ನಾಟಕದಲ್ಲಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತು. ಹಿಂದೆ ಅರಮನೆಯ ಪರದೆ. ಆ ಪರದೆಯ ಕಂಬಕ್ಕೆ ಯಾರೂ ಹೋಗಿ ಒರಗುವುದಿಲ್ಲ. ನೋಡುವವನು ಇತ್ತ ಕುರ್ಚಿಯಲ್ಲಿ, ಅರಮನೆ ಅತ್ತ. ಹೋಟೆಲಿನಲ್ಲಾದರೋ ನಾವು ಪರದೆಯ ಒಳಗೇ ಕುಳಿತು ಉಣ್ಣುತ್ತೇವೆ. ಕೈ ಕಂಬವನ್ನು ಮುಟ್ಟುತ್ತದೆ, ಕಾಲು ನೆಲವನ್ನು ಮುಟ್ಟುತ್ತದೆ, ನಾಲಿಗೆ ಅನ್ನವನ್ನು ಮುಟ್ಟುತ್ತದೆ. ಕಣ್ಣನ್ನು ಒಪ್ಪಿಸಿದ ವೇಷ ಕೈಯ ಹತ್ತಿರ ಸಿಕ್ಕಿಬೀಳುತ್ತದೆ.

ಹಳೆಯದನ್ನು ಹೊಸ ಜಾಗಕ್ಕೆ ತರುವುದು ಅಸಾಧ್ಯವೇ ಎಂದರೆ ಹಾಗೂ ಇಲ್ಲ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಮಾಡಿದ್ದನ್ನು ನೋಡಬೇಕು. ಬ್ಯಾಂಕಿನ ಉದ್ಯೋಗಿಯಾಗಿದ್ದ ಅವರು ಬೀಳಲಿದ್ದ ಮನೆಗಳನ್ನು ಹುಡುಕಿ, ಒಂದೊಂದು ಮರಕ್ಕೂ ಗುರುತು ಹಾಕಿ ಬಿಚ್ಚಿಸಿ, ತಂದು ಮತ್ತೆ ಜೋಡಿಸಿದರು. ಕುಂಜೂರಿನ ಚೌಕಿಮನೆ, ಮುಧೋಳ ಅರಮನೆಯ ದರ್ಬಾರು ಅಲ್ಲಿ ಹಾಗೆ ನಿಂತಿವೆ. 2017ರಲ್ಲಿ ತೀರಿಕೊಂಡ ಆ ಮನುಷ್ಯ ಕಂಬಕ್ಕೆ ತಕ್ಕಂತೆ ಜಾಗವನ್ನು ಸಿದ್ಧಮಾಡಿದರೇ ಹೊರತು ಜಾಗಕ್ಕೆ ತಕ್ಕಂತೆ ಕಂಬವನ್ನು ಕತ್ತರಿಸಲಿಲ್ಲ. ಅದು ವಸ್ತುಸಂಗ್ರಹ, ಹೋಟೆಲಿನ ಮಾತು ಬೇರೆ ಎಂದು ನೀವು ಆಕ್ಷೇಪಿಸಬಹುದು. ಹೋಟೆಲಿನದೇ ಉದಾಹರಣೆ ಬೇಕಾದರೆ ಅಹಮದಾಬಾದಿನ ‘ವಿಶಾಲಾ’ ಇದೆ. ಒಳಾಂಗಣ ವಿನ್ಯಾಸಕಾರರಾದ ಸುರೇಂದ್ರ ಪಟೇಲರು 1978ರಲ್ಲಿ ಅದನ್ನು ಹಳ್ಳಿಯ ಮಾದರಿಯಲ್ಲಿ ಕಟ್ಟಿದರು. ಮಣ್ಣಿನ ಗೋಡೆ, ಲಾಂದ್ರದ ಬೆಳಕು, ತಗ್ಗಾದ ಆಸನ, ಎಲೆಯ ಮೇಲೆ ಗುಜರಾತಿನ ಊಟ. ಹಳೆಯ ಪಾತ್ರೆಗಳನ್ನು ಅವರೂ ಅಪಾರವಾಗಿ ಕೂಡಿಹಾಕಿದರು. ಆದರೆ ಅವುಗಳನ್ನು ಬೋರಲು ಹಾಕಿ ದೀಪ ಮಾಡಲಿಲ್ಲ. 1981ರಲ್ಲಿ ಅದೇ ಆವರಣದಲ್ಲಿ ಪಾತ್ರೆಗಳಿಗೆಂದೇ ಒಂದು ಸಂಗ್ರಹಾಲಯ ತೆರೆದರು. ಪಾತ್ರೆ ಪಾತ್ರೆಯಾಗಿಯೇ ಉಳಿಯಿತು.

ನನ್ನ ನಿರಾಶೆಯ ದೊಡ್ಡ ಪಾಲನ್ನು ಇನ್ನೂ ಹೇಳಿಲ್ಲ. ಕಂಬ, ಬೋದಿಗೆ ಹೋಗಲಿ. ಅಡಿಗೆಮನೆ ಎಲ್ಲಪ್ಪ ಎಂದು ಕೇಳಿದೆ. ತೊಂಬತ್ತು ಜನ ಕೂರುವ ಹೋಟೆಲು ಅದು. ಹಿಂಭಾಗದ ಮೆಟ್ಟಿಲ ಕೆಳಗೆ ನಮ್ಮ ಮನೆಯ ದೇವರ ಕೋಣೆಗಿಂತ ಸ್ವಲ್ಪ ದೊಡ್ಡದಾದ ಒಂದು ಕತ್ತಲ ಜಾಗ ತೋರಿಸಿದರು. ತಿಂಡಿಪಟ್ಟಿಯ ಕರಡು ನೋಡಿದೆ. ಗೋಬಿ ಮಂಚೂರಿ ಇದೆ, ಪನ್ನೀರಿನ ನಾಲ್ಕು ಬಗೆ ಇದೆ; ಮಲೆನಾಡಿನ ಹೆಸರಿನಲ್ಲಿ ನೀರುದೋಸೆ ಮತ್ತು ಅಕ್ಕಿರೊಟ್ಟಿ ಎರಡೇ. ಉಳಿದವು? “ಅವಕ್ಕೆಲ್ಲ ಜಾಗ ಸಾಲದು ಸಾರ್” ಎಂದ. ಜಾಗವೆಲ್ಲ ತೊಟ್ಟಿಗೆ ಹೋಗಿದೆ, ನಿಜ.

ನಮ್ಮ ಹಳೆಯ ಹೋಟೆಲುಗಳಿಗೆ ಥೀಮ್ ಎಂಬ ಮಾತೇ ಗೊತ್ತಿರಲಿಲ್ಲ. ಕಾಫಿ ಕ್ಲಬ್ಬು, ಭವನ, ವಿಲಾಸ, ಉತ್ತರದ ಕಡೆ ಖಾನಾವಳಿ ಎಂಬ ಹೆಸರುಗಳಲ್ಲೇ ಅವು ತೃಪ್ತವಾಗಿದ್ದವು. ಆದರೂ ಅವುಗಳಿಗೆ ವಿನ್ಯಾಸ ಇರಲಿಲ್ಲವೆಂದು ತಿಳಿಯಬಾರದು. 1924ರಲ್ಲಿ ಬ್ರಾಹ್ಮಿನ್ ಕಾಫಿ ಕ್ಲಬ್ ಎಂಬ ಹೆಸರಿನಲ್ಲಿ ಆರಂಭವಾದ ಮಾವಳ್ಳಿ ಟಿಫಿನ್ ರೂಮ್ಸ್‌ನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿ ಅಲ್ಲಿನ ಉಪಾಹಾರ ಗೃಹಗಳನ್ನು ನೋಡಿಬಂದರು. ಹಾಗೆ ಹೋಗಿಬಂದ ಇನ್ನೊಬ್ಬನಾಗಿದ್ದರೆ ಮಾವಳ್ಳಿಯಲ್ಲಿ ಐಫೆಲ್ ಗೋಪುರದ ಪ್ರತಿಕೃತಿ ನಿಲ್ಲಿಸುತ್ತಿದ್ದನೇನೋ. ಅವರು ತಂದದ್ದು ಪಾತ್ರೆಗಳನ್ನು ಹಬೆಯಲ್ಲಿ ಶುದ್ಧಿ ಮಾಡುವ ಪದ್ಧತಿಯನ್ನು, ಅಡಿಗೆಮನೆಯನ್ನು ಗಿರಾಕಿಗಳ ಕಣ್ಣಿಗೆ ತೆರೆದಿಡುವ ಧೈರ್ಯವನ್ನು. ಬಂದವರು ಅಡಿಗೆಮನೆಯನ್ನು ನೋಡಿಕೊಂಡು ಊಟದ ಮನೆಗೆ ಹೋಗಬಹುದಾಗಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ರವೆಯಿಂದ ಇಡ್ಲಿ ಮಾಡಿದೆವೆಂದು ಆ ಮನೆಯವರು ಹೇಳಿಕೊಂಡು ಬಂದಿರುವುದೂ ಅಡಿಗೆಮನೆಯಲ್ಲಿ ಹುಟ್ಟಿದ ಕಥೆಯೇ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನವನ್ನು 1943ರಲ್ಲಿ ತೆರೆದವರು ಸುತ್ತಲ ವಿದ್ಯಾರ್ಥಿಗಳನ್ನು ನೆನೆದು ಹೆಸರಿಟ್ಟರು. ವರ್ಷಗಳು ಕಳೆದಂತೆ ಸಾಹಿತಿಗಳು ಬಂದು ಕೂತರು, ಆಮೇಲೆ ಗೋಡೆಯ ಮೇಲೆ ಕನ್ನಡದ ಹಿರಿಯರ ರೇಖಾಚಿತ್ರಗಳು ಬಂದವು. ದೋಸೆ ಮೊದಲು, ಜನ ಅನಂತರ, ಚಿತ್ರ ಕೊನೆಗೆ. ಈಗಿನವರು ಚಿತ್ರ ಮೊದಲು ಹಾಕಿಸಿ ಜನರಿಗಾಗಿ ಕಾಯುತ್ತಾರೆ. ದೋಸೆಯನ್ನು ಗುತ್ತಿಗೆಗೆ ಕೊಡುತ್ತಾರೆ.

ಹಾಗಾದರೆ ಮಲೆನಾಡಿನ ಮನೆಯ ವಸ್ತು ಯಾವುದು? ಮಳೆ ಎಂದೇ ನನ್ನ ಉತ್ತರ. ವಿನ್ಯಾಸಕಾರನೂ ಅದನ್ನೇ ಹಿಡಿದಿದ್ದ, ಆದರೆ ಧ್ವನಿಪೆಟ್ಟಿಗೆಯಲ್ಲಿ ಹಿಡಿದಿದ್ದ. ಮಳೆ ಇರುವುದು ಊಟದಲ್ಲಿ. ಆಷಾಢದಲ್ಲಿ ಕೆಸುವಿನ ಎಲೆ ಚಿಗುರಿದಾಗ ಪತ್ರೊಡೆ. ಮೊದಲ ಮಳೆಗಳಿಗೆ ಬಿದಿರು ಮೊಳೆತಾಗ ಕಳಲೆ. ಅದನ್ನು ಹೆಚ್ಚಿ ನೀರಿನಲ್ಲಿಟ್ಟು, ದಿನವೂ ನೀರು ಬದಲಿಸಿ, ಎರಡು ಮೂರು ದಿನ ಕಳೆದ ಮೇಲೆಯೇ ಒಲೆಗೆ ಏರಿಸಬೇಕು, ಇಲ್ಲವಾದರೆ ಕಹಿ, ಮೈಗೂ ಒಗ್ಗದು. ಹೊರಗೆ ಹೋಗಲಾರದ ಜಡಿಮಳೆಯಲ್ಲಿ ಹಿತ್ತಿಲಲ್ಲಿ ಸಿಕ್ಕಿದ ಸೊಪ್ಪಿನ ತಂಬುಳಿ. ಬೇಸಿಗೆಯಲ್ಲಿ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆ, ಬಿಸಿಲಿಗೆ ಒಣಗಿಸಿದ ಹಪ್ಪಳ ಆಗ ಭರಣಿಯಿಂದ, ಅಟ್ಟದಿಂದ ಇಳಿದುಬರುತ್ತವೆ. ಮಳೆಗಾಲ ಬಂತೆಂದು ನಮಗೆ ಗೊತ್ತಾಗುತ್ತಿದ್ದದ್ದು ಹಂಚಿನ ಸದ್ದಿನಿಂದಷ್ಟೇ ಅಲ್ಲ, ಎಲೆಯ ಮೇಲೆ ಬಿದ್ದದ್ದರಿಂದ. ಋತುವಿನೊಡನೆ ಬದಲಾಗುವ ತಿಂಡಿಪಟ್ಟಿಗೆ ದೊಡ್ಡ ಅಡಿಗೆಮನೆ ಬೇಕು, ಉಗ್ರಾಣ ಬೇಕು, ಪಾತ್ರೆ ಮೂರು ದಿನ ಅಲುಗದೆ ಕೂರಲು ತಂಪಾದ ಮೂಲೆ ಬೇಕು. ಅದಕ್ಕೆ ಜಾಗ ಬಿಟ್ಟು ಉಳಿದದ್ದರಲ್ಲಿ ಜನರನ್ನು ಕೂರಿಸಿದರೆ ಆ ಕಟ್ಟಡಕ್ಕೆ ತನ್ನದೇ ಆದ ಒಂದು ಆಕಾರ ಬರುತ್ತದೆ. ಅಜ್ಜ ಮಾಡಿದ್ದೂ ಇದನ್ನೇ.

ಇಷ್ಟನ್ನೂ ಅವನಿಗೆ ಹೇಳಿದೆ. ಸುಮ್ಮನೆ ಕೇಳಿದ. ಆಮೇಲೆ ಅವನು ಆಡಿದ ಮಾತುಗಳನ್ನೂ ನಿಮ್ಮ ಮುಂದಿಡುವುದು ನ್ಯಾಯ. “ಸಾರ್, ನೀವು ಹೇಳೋದು ಸರಿ. ಆದರೆ ಬಾಡಿಗೆ ಚದರ ಅಡಿ ಲೆಕ್ಕ. ಅಡಿಗೆಮನೆ ದೊಡ್ಡದು ಮಾಡಿದರೆ ಮೂವತ್ತು ಕುರ್ಚಿ ಹೋಗುತ್ತೆ. ಮೂವತ್ತು ಕುರ್ಚಿ ಹೋದರೆ ತೋಟ ಮಾರಿದ ದುಡ್ಡು ವಾಪಸು ಬರೋಲ್ಲ.” ಸ್ವಲ್ಪ ತಡೆದು, “ನನ್ನ ಮಗಳು ಅಜ್ಜನ ಮನೆ ನೋಡಿಯೇ ಇಲ್ಲ ಸಾರ್. ಅವಳಿಗೆ ಎರಡು ವರ್ಷ ಇದ್ದಾಗಲೇ ಮಾಡು ಕುಸಿದಿತ್ತು. ಈ ಕಂಬ ಇಲ್ಲದೆ ಹೋಗಿದ್ದರೆ ಅವಳಿಗೆ ಏನು ತೋರಿಸಲಿ? ಮರದ ವ್ಯಾಪಾರಿಗೆ ಕೊಟ್ಟಿದ್ದರೆ ಇಷ್ಟು ಹೊತ್ತಿಗೆ ಮಂಚವಾಗಿರುತ್ತಿತ್ತು” ಎಂದ.

ಎರಡನೆಯ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಮೊದಲನೆಯದಕ್ಕೆ ಇತ್ತು. ಹುಡುಗಿ ಆ ಕಂಬವನ್ನು ನೋಡಬಹುದು, ಸರಿ. ಒರಗಿದರೆ ಅದು ಅಲ್ಲಾಡುತ್ತದೆ. ತೊಂಬತ್ತು ಕುರ್ಚಿಯ ಲೆಕ್ಕ ಮೊದಲ ಆರು ತಿಂಗಳಿಗೆ ಸರಿಹೋದೀತು. ಮೋಡದ ಬಟ್ಟೆಯನ್ನು ಒಮ್ಮೆ ನೋಡಿದವರು ಎರಡನೆಯ ಸಲ ನೋಡಲೆಂದು ಬರುವುದಿಲ್ಲ. ಮೆಚ್ಚಿದ ಪತ್ರೊಡೆಗೆ ಮುಂದಿನ ಆಷಾಢದಲ್ಲೂ ಬರುತ್ತಾರೆ. ಇದು ಕನ್ನಡ ಮೇಷ್ಟರ ಭಾವುಕತೆಯಲ್ಲ, ವ್ಯಾಪಾರದ ಮಾತೇ.

ಅಡಿಗಲ್ಲುಗಳನ್ನಾದರೂ ಒಳಗೆ ತಂದು ಕಂಬಗಳ ಕೆಳಗೆ ಕೊಡಿಸಲು ಸಾಧ್ಯವೇ ಎಂದು ಇಬ್ಬರೂ ಕೂಡಿ ಅಳತೆ ಹಿಡಿದು ನೋಡಿದೆವು. ಕಲ್ಲು ಒಂದು ಗೇಣು. ಸಂದು ಒಂದು ಬೆರಳು. ಕಲ್ಲು ಕೂರಬೇಕಾದರೆ ಎಂಟು ಕಂಬಗಳನ್ನೂ ಇನ್ನಷ್ಟು ಕತ್ತರಿಸಬೇಕು, ಇಲ್ಲವೆ ಸುಳ್ಳು ಛಾವಣಿಯನ್ನು ಕಿತ್ತು ಕೊಳವೆಗಳನ್ನೆಲ್ಲ ಬೇರೆ ಕಡೆ ಒಯ್ಯಬೇಕು. ವಿನ್ಯಾಸಕಾರ ಖರ್ಚಿನ ಲೆಕ್ಕ ಬರೆದು ತೋರಿಸಿದ. ಆ ಮಾತು ಅಲ್ಲಿಗೇ ನಿಂತಿತು. ಯಕ್ಷಗಾನದ ಕಿರೀಟವನ್ನು ಮಾತ್ರ ನಾನಿರುವಾಗಲೇ ಇಳಿಸಿ ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟ.

ಗೋಡೆಯ ಬರಹವನ್ನು ನಾನು ಕೊಟ್ಟಿಲ್ಲ. ಅಡಿಗೆಮನೆ ಆಗಲಿ, ಆಮೇಲೆ ನೋಡೋಣ ಎಂದಿದ್ದೇನೆ. ಮುಂದಿನ ತಿಂಗಳು ಹೋಟೆಲು ತೆರೆಯುವುದೆಂದು ನಿಶ್ಚಯವಾಗಿದೆ, ದಿನಾಂಕ ಬದಲಾಗಿಲ್ಲ. ಕಳೆದ ವಾರ ರಾತ್ರಿ ದೂರವಾಣಿಯಲ್ಲಿ ಮಾತನಾಡಿದ. ಕಂಬದ ಸುದ್ದಿ ಎತ್ತಲಿಲ್ಲ, ಬರಹದ ಸುದ್ದಿಯನ್ನೂ ಎತ್ತಲಿಲ್ಲ. ಅರವತ್ತು ಜನಕ್ಕೆ ಆಗುವಷ್ಟು ಕಳಲೆ ನೆನೆಹಾಕಲು ಎಷ್ಟು ದೊಡ್ಡ ಹಂಡೆ ಬೇಕಾದೀತು ಸಾರ್ ಎಂದು ಕೇಳಿದ. ತೊಂಬತ್ತು ಎನ್ನದೆ ಅರವತ್ತು ಎಂದದ್ದನ್ನು ಗಮನಿಸಿದೆ. ನನಗೆ ತಿಳಿಯದು, ನಿಮ್ಮಮ್ಮನನ್ನು ಕೇಳು ಎಂದೆ.